ಎಕ್ಸ್‌ಟರ್ನಲ್ ಹೋದ ಮೇಲೂ ಓಡಬೇಕು: ವಿಜ್ಞಾನ ಮ್ಯೂಸಿಯಂ ಇಂಟರ್ನ್‌ಶಿಪ್‌ನಲ್ಲಿ ಎಕ್ಸಿಬಿಟ್ ಕಟ್ಟುವ ಬಗೆ

ಕಾಲೇಜಿನ ಪ್ರಾಜೆಕ್ಟ್ ಒಂದು ಸಲ ಓಡಿದರೆ ಸಾಕು. ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬಂದಾಗ ಮಾಡಿದವರೇ ಪಕ್ಕದಲ್ಲಿ ನಿಂತು, ಸಡಿಲವಾದ ವೈರನ್ನು ಬೆರಳಿನಲ್ಲಿ ಒತ್ತಿ ಹಿಡಿದಿದ್ದರೂ ಮಾರ್ಕ್ಸ್ ಬರುತ್ತದೆ. ಮ್ಯೂಸಿಯಂನಲ್ಲಿ ಇಡುವ ಎಕ್ಸಿಬಿಟ್ ಹಾಗಲ್ಲ. ಕಟ್ಟಿದವರು ಪಕ್ಕದಲ್ಲಿ ಇರುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಶಾಲಾ ಬಸ್ಸಿನಿಂದ ಇಳಿದ ನಲವತ್ತು ಮಕ್ಕಳು ಒಟ್ಟಿಗೆ ಮುತ್ತುತ್ತಾರೆ, ಫಲಕ ಓದುವುದಿಲ್ಲ, ತಿರುಗುವುದನ್ನು ಎಳೆಯುತ್ತಾರೆ, ಎಳೆಯುವುದನ್ನು ತಿರುಗಿಸುತ್ತಾರೆ. ಅದನ್ನೆಲ್ಲ ದಿನವಿಡೀ ತಡೆದುಕೊಂಡು, ಸಂಜೆಯ ಕೊನೆಯ ಮಗುವಿಗೂ ಅದೇ ಬೆರಗು ಕೊಡುವಂತೆ ಮಾಡುವುದನ್ನು ಕಲಿಯಲೆಂದೇ ಈ ಇಂಟರ್ನ್‌ಶಿಪ್.

ಕೆಳಗೆ ಒಂದೇ ಒಂದು ಎಕ್ಸಿಬಿಟ್ಟನ್ನು ಹಿಡಿದು ಎಂಟು ವಾರಗಳ ಕೆಲಸವನ್ನು ಹಂತ ಹಂತವಾಗಿ ಹೇಳಿದ್ದೇವೆ: ಅಲ್ಯೂಮಿನಿಯಂ ಕೊಳವೆಯಲ್ಲಿ ನಿಧಾನವಾಗಿ ಇಳಿಯುವ ಆಯಸ್ಕಾಂತ. ಕರೆಂಟ್ ಬೇಡ, ಭಾಗಗಳು ಕಡಿಮೆ, ಆದರೂ ಕೆಡಬಹುದಾದ ಕಡೆಗಳು ಬೇಕಾದಷ್ಟಿವೆ. ಮೊದಲ ಎಕ್ಸಿಬಿಟ್‌ಗೆ ಕರೆಂಟ್ ಇಲ್ಲದ ವಿಷಯವನ್ನೇ ಆರಿಸಿಕೊಳ್ಳಿ ಎಂಬುದು ನಮ್ಮ ಗಟ್ಟಿ ಸಲಹೆ.

ಎಲ್ಲಿ ಕೇಳುವುದು, ಏನೆಂದು ಕೇಳುವುದು

ಬೆಂಗಳೂರಿನಲ್ಲಿ ಮೊದಲು ನೆನಪಾಗುವುದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 1962ರಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ, 1965ರಲ್ಲಿ ತೆರೆದ ಮೊದಲ ಗ್ಯಾಲರಿ. ಇದು ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಮಂಡಳಿಯ ಘಟಕ. ಈ ಮಂಡಳಿಯ ಘಟಕಗಳು ಎಕ್ಸಿಬಿಟ್‌ಗಳನ್ನು ತಮ್ಮಲ್ಲೇ ವಿನ್ಯಾಸ ಮಾಡಿ, ತಮ್ಮ ವರ್ಕ್‌ಶಾಪ್‌ನಲ್ಲೇ ಕಟ್ಟುತ್ತ ಬಂದಿವೆ. ಫಿಟ್ಟರ್, ಬಡಗಿ, ಎಲೆಕ್ಟ್ರಿಷಿಯನ್, ಕ್ಯೂರೇಟರ್ ಎಲ್ಲರೂ ಒಂದೇ ಆವರಣದಲ್ಲಿ ಸಿಗುವುದು ವಿದ್ಯಾರ್ಥಿಗೆ ದೊಡ್ಡ ಲಾಭ. ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರೂ ತಾರಾಲಯದ ಅಂಗಳದಲ್ಲಿ ಬಯಲು ಎಕ್ಸಿಬಿಟ್‌ಗಳಿವೆ. ಬಿಸಿಲು ಮಳೆಗೆ ವಸ್ತು ಹೇಗೆ ನಿಲ್ಲುತ್ತದೆ ಎಂದು ನೋಡಲು ಅದೇ ಸರಿಯಾದ ಜಾಗ. ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ ಬೆಂಗಳೂರು ವಿಜ್ಞಾನ ಮತ್ತು ಕಲೆಯನ್ನು ಬೆಸೆಯುವ ತಾತ್ಕಾಲಿಕ ಪ್ರದರ್ಶನಗಳನ್ನು ಮಾಡುತ್ತದೆ. ಅಲ್ಲಿನ ಕೆಲಸದ ರೀತಿಯೇ ಬೇರೆ.

ಇಂಟರ್ನ್‌ಶಿಪ್ ಬೇಕಾದ ತಿಂಗಳಿಗೆ ಎರಡು ತಿಂಗಳು ಮೊದಲೇ ಪತ್ರ ಹಾಕಿ. ಪ್ರಾಂಶುಪಾಲರ ಸಹಿಯಿರುವ ಶಿಫಾರಸು ಪತ್ರ, ಬೋನಫೈಡ್, ಬೇಕಾದ ದಿನಾಂಕಗಳು, ಕ್ರೆಡಿಟ್‌ಗೆ ಎಷ್ಟು ವಾರ ಬೇಕೆಂಬ ವಿವರ ಲಗತ್ತಿಸಿ. ಇದರ ಜೊತೆಗೆ ಒಂದೇ ಪುಟದ ಪ್ರಸ್ತಾವ ಇರಲಿ. "ವಿಜ್ಞಾನ ಸಂವಹನದಲ್ಲಿ ಆಸಕ್ತಿ ಇದೆ" ಎಂದು ಬರೆದ ಪತ್ರಗಳು ಎಲ್ಲ ಕಚೇರಿಗಳಲ್ಲೂ ರಾಶಿ ಬಿದ್ದಿರುತ್ತವೆ. ಬದಲಿಗೆ ಆ ಮ್ಯೂಸಿಯಂಗೆ ಟಿಕೆಟ್ ತೆಗೆದುಕೊಂಡು ಹೋಗಿ ಅರ್ಧ ದಿನ ಓಡಾಡಿ. ಯಾವ ಎಕ್ಸಿಬಿಟ್ ಮುಂದೆ ಮಕ್ಕಳು ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ, ಕಾರಣ ಏನಿರಬಹುದು ಎಂದು ಹತ್ತು ಸಾಲು ಬರೆಯಿರಿ. ಮೆಂಟರ್ ಆಗುವವರು ಓದುವುದು ಆ ಹತ್ತು ಸಾಲನ್ನೇ.

ಮೊದಲ ವಾರ: ಕೈ ಕಟ್ಟಿ ನೋಡುವುದು

ಮೊದಲ ವಾರ ಸಿಎಡಿ (ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ ತಂತ್ರಾಂಶ) ತೆರೆಯಬೇಡಿ. ಗ್ಯಾಲರಿಯಲ್ಲಿ ಮೂರು ನಾಲ್ಕು ಎಕ್ಸಿಬಿಟ್‌ಗಳ ಹತ್ತಿರ ನಿಂತು, ಬಂದವರು ಮೊದಲು ಮುಟ್ಟಿದ್ದು ಏನು, ಎಷ್ಟು ಸೆಕೆಂಡ್ ಇದ್ದರು, ಮೊದಲು ಓದಿದರೋ ಮೊದಲು ಮುಟ್ಟಿದರೋ ಎಂದು ಗುರುತು ಹಾಕಿಕೊಳ್ಳಿ. ಶಾಲಾ ಗುಂಪು ಬರುವ ಬೆಳಗ್ಗೆಯೂ ಮನೆಮಂದಿ ಬರುವ ಭಾನುವಾರವೂ ನೋಡಿ, ಎರಡು ದಿನಗಳ ವರ್ತನೆ ಪೂರ್ತಿ ಬೇರೆ.

ಅದೇ ವಾರ ವರ್ಕ್‌ಶಾಪ್‌ನಲ್ಲಿ ರಿಪೇರಿಗೆ ಬಂದ ವಸ್ತುಗಳನ್ನು ನೋಡಿ. ಮುರಿದ ಹಿಡಿಕೆ, ಸವೆದ ಬುಷ್, ಒಳಗೆ ಬಿದ್ದ ಚಾಕೊಲೇಟ್ ಕಾಗದ, ಒಂದೇ ದಿಕ್ಕಿಗೆ ತಿರುಗಿಸಿ ತಿರುಗಿಸಿ ಬಿಚ್ಚಿಹೋದ ನಟ್. ಇದಕ್ಕಿಂತ ಒಳ್ಳೆಯ ಪಠ್ಯ ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ. ಫಿಟ್ಟರ್ ಅಣ್ಣನನ್ನು "ಇದು ಎಷ್ಟನೇ ಸಲ ಬಂತಣ್ಣ?" ಎಂದು ಕೇಳಿ ನೋಡಿ, ಆ ಎಕ್ಸಿಬಿಟ್‌ನ ಜಾತಕವೇ ಹೊರಬರುತ್ತದೆ.

ಮೆಂಟರ್ ಜೊತೆ ಮಾತಾಡುವುದಕ್ಕೂ ಒಂದು ರೀತಿ ಇದೆ. "ಸರ್, ಇದನ್ನು ಹೇಗೆ ಮಾಡಲಿ?" ಎಂದು ಬರಿಗೈಯಲ್ಲಿ ಹೋದರೆ ಅವರಿಗೂ ಸಮಯವಿಲ್ಲ, ನಿಮಗೂ ಉತ್ತರ ಸಿಗುವುದಿಲ್ಲ. "ಮೇಡಂ, ಬೇರಿಂಗ್ ಎರಡು ಬಗೆಯಲ್ಲಿ ಕೂರಿಸಬಹುದು, ಸ್ಕೆಚ್ ಇಲ್ಲಿದೆ, ಎರಡನೆಯದರಲ್ಲಿ ಬಿಚ್ಚುವುದು ಸುಲಭ ಅನಿಸುತ್ತದೆ" ಎಂದು ಹೋಗಿ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಎರಡನೆಯ ಮತ್ತು ಮೂರನೆಯ ವಾರ: ರಟ್ಟಿನ ಮಾದರಿ

ತತ್ವ ಹಳೆಯದು. ಬದಲಾಗುವ ಕಾಂತಕ್ಷೇತ್ರ ವಾಹಕದಲ್ಲಿ ವಿದ್ಯುತ್ ಹುಟ್ಟಿಸುತ್ತದೆ ಎಂದು ಫ್ಯಾರಡೆ 1831ರಲ್ಲಿ ತೋರಿಸಿದ. ಹಾಗೆ ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತದೆ ಎಂದು ಲೆಂಜ್ 1834ರಲ್ಲಿ ಹೇಳಿದ. ಆಯಸ್ಕಾಂತ ಕೊಳವೆಯಲ್ಲಿ ಬೀಳುವಾಗ ಗೋಡೆಯಲ್ಲಿ ಸುಳಿ ವಿದ್ಯುತ್ ಹರಿದು ಅದನ್ನು ಮೇಲಕ್ಕೆ ತಡೆಯುತ್ತದೆ. ತಡೆಯೂ ತೂಕವೂ ಸಮವಾದ ಕೂಡಲೇ ಆಯಸ್ಕಾಂತ ಒಂದೇ ವೇಗದಲ್ಲಿ ಇಳಿಯುತ್ತದೆ.

ತರಗತಿಯಲ್ಲಿ ಇದನ್ನು ತೋರಿಸುವ ಕ್ರಮ ಗೊತ್ತಿರುವುದೇ: ಕೊಳವೆ ಹಿಡಿದು ಮೇಲಿನಿಂದ ಆಯಸ್ಕಾಂತ ಬಿಡುವುದು. ಮ್ಯೂಸಿಯಂನಲ್ಲಿ ಅದು ಮೊದಲ ದಿನವೇ ಸೋಲುತ್ತದೆ. ಆಯಸ್ಕಾಂತ ಯಾರದೋ ಜೇಬು ಸೇರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಪುಟ್ಟ ಮಗು ಎರಡು ನಿಯೋಡಿಮಿಯಂ (ತುಂಬ ಬಲವಾದ ಬಗೆಯ ಆಯಸ್ಕಾಂತ) ತುಂಡು ನುಂಗಿದರೆ ಅವು ಕರುಳಿನ ಗೋಡೆಯ ಎರಡು ಕಡೆಯಿಂದ ಒಂದನ್ನೊಂದು ಹಿಡಿದು ಜೀವಕ್ಕೇ ಅಪಾಯ. ಹಾಗಾಗಿ ಕೊಳವೆಯ ಎರಡೂ ತುದಿ ಮುಚ್ಚಿ, ಆಯಸ್ಕಾಂತವನ್ನು ಒಳಗೇ ಉಳಿಸಿ, ಕೊಳವೆಯನ್ನು ಒಂದು ದೊಡ್ಡ ಚಕ್ರದ ಮೇಲೆ ಕೂರಿಸಬೇಕು. ನೋಡುವವರು ಚಕ್ರವನ್ನು ಅರ್ಧ ಸುತ್ತು ತಿರುಗಿಸಿದರೆ ಆಟ ಮತ್ತೆ ಶುರು.

ಚಕ್ರದ ಮೇಲೆ ಮೂರು ಕೊಳವೆ ಇರಲಿ. ಎಡಗಡೆ ಆಕ್ರಿಲಿಕ್ ಕೊಳವೆ, ಒಳಗೆ ಆಯಸ್ಕಾಂತ: ಸರ್ರನೆ ಬೀಳುತ್ತದೆ. ಬಲಗಡೆ ಅಲ್ಯೂಮಿನಿಯಂ ಕೊಳವೆ, ಒಳಗೆ ಆಯಸ್ಕಾಂತ: ತೇಲಿದಂತೆ ಇಳಿಯುತ್ತದೆ. ನಡುವೆ ಅಲ್ಯೂಮಿನಿಯಂ ಕೊಳವೆ, ಒಳಗೆ ಅದೇ ಅಳತೆಯ ಹಿತ್ತಾಳೆ ತುಂಡು: ಇದೂ ಸರ್ರನೆ ಬೀಳುತ್ತದೆ. ಮೂರನೆಯದು ಇಲ್ಲದಿದ್ದರೆ ಹತ್ತರಲ್ಲಿ ನಾಲ್ಕು ಮಂದಿ "ಕೊಳವೆಯೊಳಗೆ ಗ್ರೀಸ್ ಹಾಕಿದ್ದಾರೆ" ಎನ್ನುತ್ತಾರೆ, ಅವರನ್ನು ತಪ್ಪು ಎನ್ನಲಾಗದು. ಹಿತ್ತಾಳೆಯ ಬದಲು ಕಬ್ಬಿಣದ ತುಂಡು ಹಾಕಬೇಡಿ, ಅಕ್ಕಪಕ್ಕದ ಆಯಸ್ಕಾಂತ ಅದನ್ನು ಎಳೆಯುತ್ತದೆ.

ಮೊದಲು ರಟ್ಟು, ಕೇಬಲ್ ಟೈ, ಹಳೆಯ ಪ್ಲೈವುಡ್ ತುಂಡಿನಲ್ಲಿ ಮಾದರಿ ಕಟ್ಟಿ ಮೆಂಟರ್ ಅನುಮತಿಯೊಂದಿಗೆ ಗ್ಯಾಲರಿಯ ಮೂಲೆಯಲ್ಲಿಡಿ. ಕೊಳವೆಗಳ ತುದಿ ಈ ಹಂತದಲ್ಲೂ ಭದ್ರವಾಗಿ ಮುಚ್ಚಿರಲಿ. ಹತ್ತು ಹದಿನೈದು ಮಂದಿ ಬಳಸುವುದನ್ನು ನೋಡಿದರೆ ದೊಡ್ಡ ತಪ್ಪುಗಳೆಲ್ಲ ಹೊರಬರುತ್ತವೆ. ಒಂದೇ ನಿಯಮ, ಬಾಯಿ ಬಿಡಬಾರದು. ನೀವು "ತಿರುಗಿಸಿ ನೋಡಿ" ಎಂದ ಕೂಡಲೇ ಆ ಪರೀಕ್ಷೆ ಕೆಟ್ಟಿತು. ಅವರಾಗಿಯೇ ತಿರುಗಿಸದಿದ್ದರೆ ತಪ್ಪು ಹಿಡಿಕೆಯದು, ಅವರದಲ್ಲ.

ಭಾಗಗಳು ಮತ್ತು ಅಳತೆ

ಆಯಸ್ಕಾಂತ: ನಿಯೋಡಿಮಿಯಂ, ಎನ್42 ದರ್ಜೆ, 20 ಮಿ.ಮೀ. ವ್ಯಾಸ, 20 ಮಿ.ಮೀ. ಎತ್ತರದ ಉರುಳೆ, ಉದ್ದಕ್ಕೆ ಕಾಂತೀಕರಿಸಿದ್ದು. ಎರಡು ಬೇಕು, ಬಿಡಿಭಾಗವಾಗಿ ಇನ್ನೊಂದು. ತೂಕ ಒಂದಕ್ಕೆ ಸುಮಾರು 47 ಗ್ರಾಂ. ಎತ್ತರ ವ್ಯಾಸಕ್ಕಿಂತ ತೀರ ಕಡಿಮೆಯಾದರೆ ಕೊಳವೆಯೊಳಗೆ ಪಲ್ಟಿ ಹೊಡೆಯುತ್ತದೆ ಅಥವಾ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ರಂಧ್ರ ಕೊರೆಯಲು ಹೋಗಬೇಡಿ: ಪಿಂಗಾಣಿಯಂತೆ ಒಡೆಯುತ್ತದೆ, ಪುಡಿ ಬೆಂಕಿ ಹಿಡಿಯುತ್ತದೆ. ಎರಡನ್ನು ಒಂದೇ ಮೇಜಿನ ಮೇಲೆ ಇಡುವಾಗ ಒಂದಡಿಯಾದರೂ ದೂರವಿರಲಿ. ಹಾರಿ ಬಂದು ಕೂಡಿಕೊಂಡರೆ ನಡುವೆ ಸಿಕ್ಕ ಬೆರಳಿನ ಚರ್ಮ ಕಿತ್ತುಬರುತ್ತದೆ, ಆಯಸ್ಕಾಂತವೂ ಚೂರಾಗುತ್ತದೆ.

ಅಲ್ಯೂಮಿನಿಯಂ ಕೊಳವೆ: 6063 ದರ್ಜೆ, ಹೊರವ್ಯಾಸ 25 ಮಿ.ಮೀ., ಗೋಡೆ 1.5 ಮಿ.ಮೀ., ಅಂದರೆ ಒಳವ್ಯಾಸ 22. ಉದ್ದ 750 ಮಿ.ಮೀ., ಎರಡು ತುಂಡು. ಈ ಅಳತೆಯಲ್ಲಿ ಆಯಸ್ಕಾಂತ ಇಳಿಯಲು 5ರಿಂದ 10 ಸೆಕೆಂಡ್ ಆಸುಪಾಸು ಹಿಡಿಯುತ್ತದೆ. ಆಕ್ರಿಲಿಕ್‌ನಲ್ಲಿ ಅದೇ ದೂರ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಇನ್ನೂ ನಿಧಾನ ಬೇಕಿದ್ದರೆ ಗೋಡೆ ದಪ್ಪ ಮಾಡಿ ಅಥವಾ ತಾಮ್ರಕ್ಕೆ ಹೋಗಿ. ತಾಮ್ರದ ವಾಹಕತೆ ಈ ದರ್ಜೆಯ ಅಲ್ಯೂಮಿನಿಯಂನ ಸುಮಾರು ಎರಡು ಪಟ್ಟು, ಇಳಿಯುವ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದರೆ ತಡೆಯನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸುವುದು ಕೊಳವೆಯ ವ್ಯಾಸ. ಅಂಗಡಿಯಲ್ಲಿ 25 ಸಿಗಲಿಲ್ಲ ಎಂದು 32ರ ಕೊಳವೆ ತಂದರೆ ಬೆರಗೇ ಹೊರಟುಹೋಗುತ್ತದೆ.

ಆಕ್ರಿಲಿಕ್ ಕೊಳವೆ: ಹೊರವ್ಯಾಸ 30, ಒಳವ್ಯಾಸ 24, ಉದ್ದ 750. ಇದರ ತೂಕವೂ ಮೇಲಿನ ಅಲ್ಯೂಮಿನಿಯಂ ಕೊಳವೆಯ ತೂಕವೂ ಬಹುತೇಕ ಒಂದೇ, 225 ಗ್ರಾಂ ಸುತ್ತಮುತ್ತ. ಚಕ್ರದ ಎಡಬಲ ತೂಕ ತಾನಾಗಿಯೇ ಸರಿಹೋಗುತ್ತದೆ.

ಚಕ್ರ: 18 ಮಿ.ಮೀ. ಬಿಡಬ್ಲ್ಯುಪಿ (ನೀರು ತಡೆಯುವ) ಪ್ಲೈವುಡ್, ವ್ಯಾಸ 1 ಮೀಟರ್, ಎರಡೂ ಕಡೆ ಲ್ಯಾಮಿನೇಟ್. ಒಂದೇ ಕಡೆ ಅಂಟಿಸಿದರೆ ಮಳೆಗಾಲದಲ್ಲಿ ಡೊಂಕಾಗುತ್ತದೆ. 20 ಮಿ.ಮೀ. ಶಾಫ್ಟ್, ಯುಸಿಪಿ 204 ಪಿಲ್ಲೋ ಬ್ಲಾಕ್ (ಶಾಫ್ಟ್ ಕೂರುವ ಬೇರಿಂಗ್) ಎರಡು. ಅಂಚಿನಲ್ಲಿ ನಾಲ್ಕು ಗುಬುಟು ಹಿಡಿಕೆ. ಚಕ್ರದ ನಡುಬಿಂದು ನೆಲದಿಂದ 1 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ಹಿಡಿಕೆ ಆರು ವರ್ಷದ ಮಗುವಿಗೂ ವೀಲ್‌ಚೇರಿನಲ್ಲಿ ಬಂದವರಿಗೂ ಎಟುಕುತ್ತದೆ.

ಖರೀದಿಯ ಮಾತು: ಎಲೆಕ್ಟ್ರಾನಿಕ್ ಭಾಗ, ಗೇರ್ಡ್ ಮೋಟಾರ್, ಸ್ಕ್ರೂಗಳಿಗೆ ಎಸ್.ಪಿ. ರಸ್ತೆ ಸಾಕು. ಭಾನುವಾರ ಅಲ್ಲಿ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಟರ್ನಿಂಗ್, ಲೇಸರ್ ಕಟಿಂಗ್, ವೆಲ್ಡಿಂಗ್ ಕೆಲಸಕ್ಕೆ ಪೀಣ್ಯ. ಒಂದೆರಡು ಪೀಸ್ ಮಾತ್ರ ಎಂದರೆ ದೊಡ್ಡ ಶೆಡ್‌ಗಳು ಕಡೆಗಣಿಸುತ್ತವೆ, ಒಂದೇ ಲೇತ್ ಇಟ್ಟುಕೊಂಡಿರುವ ಸಣ್ಣ ಜಾಗಗಳನ್ನು ಹುಡುಕಿ, ಡ್ರಾಯಿಂಗನ್ನು ಕಾಗದದಲ್ಲೇ ಒಯ್ಯಿರಿ. ಎಲ್ಲಕ್ಕೂ ಜಿಎಸ್‌ಟಿ ಬಿಲ್ ಕೇಳಿ ತೆಗೆದುಕೊಳ್ಳಿ, ಯಾರ ಹೆಸರಿಗೆ ಬಿಲ್ ಆಗಬೇಕೆಂದು ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಬಿಲ್ಲಿಲ್ಲದೆ ತಂದದ್ದರ ಹಣ ವಾಪಸ್ ಬರುವುದಿಲ್ಲ.

ಎಲ್ಲಿ ಕೆಡುತ್ತದೆ

ಕೊಳವೆಗಳ ಅಂತರ. ಆಯಸ್ಕಾಂತವಿರುವ ಎರಡು ಕೊಳವೆಗಳನ್ನು ಅಂದಕ್ಕೆಂದು 50 ಮಿ.ಮೀ. ಅಂತರದಲ್ಲಿ ಇಟ್ಟರೆ ಅವುಗಳ ನಡುವಿನ ಬಲ ಪ್ರತಿ ಆಯಸ್ಕಾಂತದ ತೂಕದ ನಾಲ್ಕು ಪಟ್ಟು ಮುಟ್ಟುತ್ತದೆ. ಎರಡೂ ಗೋಡೆಗೆ ಒತ್ತಿಕೊಂಡು ನಿಂತುಬಿಡುತ್ತವೆ. ಈ ಬಲ ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಹಾಗಾಗಿ ನಡುಗೆರೆಯಿಂದ ಎಡಕ್ಕೆ 100, ಬಲಕ್ಕೆ 100, ಒಟ್ಟು 200 ಮಿ.ಮೀ. ದೂರ ಕೊಟ್ಟರೆ ಚಿಂತೆಯಿಲ್ಲ.

ಶಾಫ್ಟ್. ಅದು ಉಕ್ಕು. ಆಯಸ್ಕಾಂತದ ಕೊಳವೆಯನ್ನು ಚಕ್ರದ ನಡುವೆ ಇಟ್ಟರೆ ಹಲಗೆಯ ಹಿಂದಿನ ಶಾಫ್ಟ್ ಅದನ್ನು ಅರ್ಧ ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ಹಿತ್ತಾಳೆ ತುಂಡಿರುವ ಕೊಳವೆ ನಡುವೆ ಇರಬೇಕೆಂದಿದ್ದು ಇದಕ್ಕೇ. ಕೊಳವೆಯ ಕ್ಲಾಂಪ್ ಮತ್ತು ತುದಿಯ ಸ್ಕ್ರೂಗಳಿಗೂ ಇದೇ ಮಾತು. ಹಿತ್ತಾಳೆಯದು ಬಳಸಿ. ಸ್ಟೀಲ್ 304 ಅಂದರೆ ಆಯಸ್ಕಾಂತ ಹಿಡಿಯುವುದಿಲ್ಲ ಎಂದು ಅಂಗಡಿಯವರು ಹೇಳಿದರೂ, ಒತ್ತಿ ರೂಪಿಸಿದ ಸ್ಕ್ರೂ ತಲೆ ಸ್ವಲ್ಪ ಹಿಡಿದೇ ಹಿಡಿಯುತ್ತದೆ.

ಬಡಿತ. ಆಕ್ರಿಲಿಕ್‌ನಲ್ಲಿ ಬೀಳುವ ಆಯಸ್ಕಾಂತ ತಳಕ್ಕೆ ಸೆಕೆಂಡಿಗೆ ಮೂರೂವರೆ ಮೀಟರ್‌ಗೂ ಹೆಚ್ಚು ವೇಗದಲ್ಲಿ ಬಡಿಯುತ್ತದೆ. ನಿಕ್ಕಲ್ ಲೇಪ ಮೊದಲು ಸೀಳುತ್ತದೆ, ಆಮೇಲೆ ಅಂಚು ಉದುರುತ್ತದೆ. ಆಯಸ್ಕಾಂತದ ಎರಡೂ ತುದಿಗೆ 3 ಮಿ.ಮೀ. ದಪ್ಪ, 21 ಮಿ.ಮೀ. ವ್ಯಾಸದ ನೈಲಾನ್ ಟೋಪಿಯನ್ನು ಎಪಾಕ್ಸಿಯಿಂದ ಅಂಟಿಸಿ. ಟೋಪಿ ಆಯಸ್ಕಾಂತಕ್ಕಿಂತ 1 ಮಿ.ಮೀ. ದೊಡ್ಡದಿರುವುದರಿಂದ ಲೋಹ ಗೋಡೆಗೆ ಉಜ್ಜುವುದಿಲ್ಲ. ಇಲ್ಲದಿದ್ದರೆ ಆಕ್ರಿಲಿಕ್ ಗೀರು ಬಿದ್ದು ಹಾಲುಬಣ್ಣಕ್ಕೆ ತಿರುಗುತ್ತದೆ, ಅಲ್ಯೂಮಿನಿಯಂನಲ್ಲಿ ಕಪ್ಪು ಪುಡಿ ಕೂಡುತ್ತದೆ. ಕೊಳವೆಯ ಎರಡೂ ತುದಿಗೆ 10 ಮಿ.ಮೀ. ಪಾಲಿಯುರಿಥೇನ್ ಬಂಪರ್ ಇರಲಿ. ಸ್ಪಂಜು ಬೇಡ, ಬೇಗ ಚಪ್ಪಟೆಯಾಗುತ್ತದೆ. ತುದಿಯ ಪ್ಲಗ್ಗನ್ನು ಸೆಕ್ಯುರಿಟಿ ಟಾರ್ಕ್ಸ್ ಸ್ಕ್ರೂನಿಂದ ಮುಚ್ಚಿ, ಜೇಬಿನ ಕೀ ಅಥವಾ ನಾಣ್ಯದಿಂದ ಬಿಚ್ಚಲಾಗಬಾರದು.

ಕಾಣಿಸದಿರುವುದು. ಅಲ್ಯೂಮಿನಿಯಂ ಪಾರದರ್ಶಕವಲ್ಲ. ಆಯಸ್ಕಾಂತ ಎಲ್ಲಿದೆ ಎಂದು ಕಾಣದಿದ್ದರೆ ಮಗು ಎರಡೇ ಸೆಕೆಂಡಿನಲ್ಲಿ ಚಕ್ರವನ್ನು ಮತ್ತೆ ತಿರುಗಿಸಿ ಹೊರಟುಹೋಗುತ್ತದೆ. ಉದ್ದಕ್ಕೂ ಸೀಳು ಕೊಯ್ಯುವ ಯೋಚನೆ ಎಲ್ಲರಿಗೂ ಮೊದಲು ಬರುತ್ತದೆ. ಹಾಗೆ ಮಾಡಿದರೆ ಕೊಳವೆಯನ್ನು ಸುತ್ತುವ ವಿದ್ಯುತ್ತಿನ ದಾರಿಯೇ ತುಂಡಾಗಿ ತಡೆ ತಗ್ಗುತ್ತದೆ. ಬದಲಿಗೆ 60 ಮಿ.ಮೀ.ಗೊಂದರಂತೆ 6 ಮಿ.ಮೀ. ರಂಧ್ರ ಕೊರೆಯಿರಿ, ಒಳಗಿನ ಬರ್ (ಕೊರೆದಾಗ ಉಳಿಯುವ ಚೂಪು ಅಂಚು) ಪೂರ್ತಿ ತೆಗೆಯಿರಿ, ಮೇಲೆ ತೆಳು ಆಕ್ರಿಲಿಕ್ ಹೊದಿಕೆ ಹಾಕಿ. ಹೊದಿಕೆ ಇಲ್ಲದ ರಂಧ್ರಕ್ಕೆ ಪೆನ್ಸಿಲ್ ತುದಿ, ಚ್ಯೂಯಿಂಗ್ ಗಮ್ ಎಲ್ಲವೂ ಹೋಗುತ್ತವೆ. ನೈಲಾನ್ ಟೋಪಿಗೆ ಹಳದಿ ಅಥವಾ ಕೆಂಪು ಬಣ್ಣವಿದ್ದರೆ ರಂಧ್ರದಿಂದ ರಂಧ್ರಕ್ಕೆ ಹೋಗುವುದು ಚೆನ್ನಾಗಿ ಕಾಣುತ್ತದೆ.

ಗಿರಗಿರ. ಸಲೀಸಾಗಿ ತಿರುಗುವ ಚಕ್ರವನ್ನು ಕಂಡರೆ ಮಕ್ಕಳು ಗಿರಗಿಟ್ಲೆ ಆಡಿಸುತ್ತಾರೆ. ನಿಮಿಷಕ್ಕೆ 50 ಸುತ್ತು ದಾಟಿದರೆ ಆಯಸ್ಕಾಂತ ಅಂಚಿಗೇ ಅಂಟಿಕೊಂಡು ಬೀಳುವುದೇ ಇಲ್ಲ, ಸಾಲದ್ದಕ್ಕೆ ಒಂಬತ್ತು ಕೆ.ಜಿ. ಹಲಗೆ ಆ ವೇಗದಲ್ಲಿ ತಿರುಗುವುದು ಅಪಾಯ. ಶಾಫ್ಟ್‌ಗೆ ಫೆಲ್ಟ್ ವಾಷರ್ ಮತ್ತು ಸ್ಪ್ರಿಂಗ್ ಹಾಕಿ ಘರ್ಷಣೆ ಕೊಡಿ. ಕೈ ಬಿಟ್ಟ ಮೇಲೆ ಅರ್ಧ ಸುತ್ತಿನೊಳಗೆ ನಿಲ್ಲುವಷ್ಟಿದ್ದರೆ ಸರಿ. 180 ಡಿಗ್ರಿಗೆ ಗಟ್ಟಿ ಸ್ಟಾಪರ್ ಕೊಡುವುದು ನಮಗೆ ಒಪ್ಪಿಗೆಯಿಲ್ಲ, ಬಡಿದು ಬಡಿದು ಅದೇ ಮೊದಲು ಮುರಿಯುತ್ತದೆ. ಚಕ್ರಕ್ಕೂ ಚೌಕಟ್ಟಿಗೂ ನಡುವಿನ ಸಂದು 6 ಮಿ.ಮೀ.ಗಿಂತ ಕಡಿಮೆ ಇರಬೇಕು ಅಥವಾ 25 ಮಿ.ಮೀ.ಗಿಂತ ಹೆಚ್ಚಿರಬೇಕು. ನಡುವಿನ ಅಳತೆಯೆಲ್ಲ ಬೆರಳು ಸಿಕ್ಕುವ ಅಳತೆ.

ಕರೆಂಟ್ ಬೇಕೇಬೇಕೆಂದರೆ

ಬ್ರೆಡ್‌ಬೋರ್ಡ್, ಜಂಪರ್ ವೈರ್ ಒಳಗೆ ಹೋಗಬಾರದು, ಅಲುಗಾಟಕ್ಕೆ ಬಿಟ್ಟುಕೊಳ್ಳುತ್ತವೆ. ಬೆಸುಗೆ ಹಾಕಿದ ಬೋರ್ಡ್, ಫೆರೂಲ್ (ವೈರಿನ ತುದಿಗೆ ತೊಡಿಸುವ ಲೋಹದ ತೋಳು) ಹಾಕಿದ ತುದಿ, ಸ್ಕ್ರೂ ಟರ್ಮಿನಲ್ ಬಳಸಿ. ನೋಡುವವರ ಕೈಗೆಟುಕುವ ಭಾಗಕ್ಕೆ 12 ಅಥವಾ 24 ವೋಲ್ಟ್ ಮಾತ್ರ, 230 ವೋಲ್ಟ್ ಪೆಟ್ಟಿಗೆಯೊಳಗೇ ಉಳಿಯಲಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಮತ್ತು ಅರ್ಥಿಂಗ್ ಕಡ್ಡಾಯ. ಒತ್ತುಗುಂಡಿ 22 ಮಿ.ಮೀ. ಕೈಗಾರಿಕಾ ಮಾದರಿಯದಿರಲಿ. ಸಂಜೆ ಗ್ಯಾಲರಿ ಮುಚ್ಚುವವರು ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಾರೆ, ಶಟ್‌ಡೌನ್ ಮಾಡಲು ಯಾರೂ ಬರುವುದಿಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದ್ದರೆ ಮೆಮೊರಿ ಕಾರ್ಡನ್ನು ಓದಲು ಮಾತ್ರ ಆಗುವಂತೆ ಇಡದಿದ್ದರೆ ಒಂದು ದಿನ ಬೆಳಗ್ಗೆ ಏಳುವುದೇ ಇಲ್ಲ.

ಫಲಕ

ಫಲಕ ಬರೆಯುವುದನ್ನು ಕೊನೆಯ ವಾರಕ್ಕೆ ತಳ್ಳುವುದು ಸಾಮಾನ್ಯ, ಅದಕ್ಕೇ ಬಹಳ ಫಲಕಗಳು ಪಠ್ಯಪುಸ್ತಕದ ಪ್ಯಾರಾದಂತೆ ಇರುತ್ತವೆ. ರಟ್ಟಿನ ಮಾದರಿಯ ಜೊತೆಗೇ ಬರೆದು ಅಂಟಿಸಿ ಪರೀಕ್ಷಿಸಿ. ಕನ್ನಡ ಮೊದಲು, ಕನ್ನಡದಲ್ಲೇ ಯೋಚಿಸಿ ಬರೆದದ್ದು. ಹೀಗಿರಬಹುದು:

"ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಬಿಡಿ. ಕೊನೆಗೆ ಕೆಳಗೆ ಬರುವುದು ಯಾವುದು?

ಅಲ್ಯೂಮಿನಿಯಂಗೆ ಆಯಸ್ಕಾಂತ ಅಂಟುವುದಿಲ್ಲ. ಆದರೂ ಆಯಸ್ಕಾಂತ ಬೀಳುವಾಗ ಕೊಳವೆಯ ಗೋಡೆಯಲ್ಲಿ ವಿದ್ಯುತ್ ಸುಳಿಸುಳಿಯಾಗಿ ಹರಿಯುತ್ತದೆ. ಆ ಸುಳಿಗಳೂ ಆಯಸ್ಕಾಂತದಂತೆ ವರ್ತಿಸಿ ಬೀಳುವುದನ್ನು ತಡೆಯುತ್ತವೆ. ಮನೆಯ ಹಳೆಯ ಕರೆಂಟ್ ಮೀಟರಿನ ತಿರುಗುವ ತಟ್ಟೆಗೂ ಇದೇ ಬ್ರೇಕ್."

ಮಾಡುವುದು ಮೊದಲು, ಪ್ರಶ್ನೆ ಆಮೇಲೆ, ಕಾರಣ ಕೊನೆಗೆ. ಪೇಸ್‌ಮೇಕರ್ ಇರುವವರಿಗೆ ಎಚ್ಚರಿಕೆಯ ಸಾಲು ಬೇರೆಯಾಗಿ, ಚಿಹ್ನೆಯೊಂದಿಗೆ ಇರಲಿ.

ಮುದ್ರಣಕ್ಕೆ ಕೊಡುವಾಗ ಕನ್ನಡ ಕೈಕೊಡುವ ಜಾಗಗಳು ಎರಡು. ಹಳೆಯ ನುಡಿ ಫಾಂಟಿನ ಕಡತ ಇನ್ನೊಂದು ಕಂಪ್ಯೂಟರಿನಲ್ಲಿ ಕಸದ ಅಕ್ಷರವಾಗುತ್ತದೆ, ಆದ್ದರಿಂದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಬಿಚ್ಚಿಕೊಂಡು "ವಿದ್ಯುತ್" ಎಂಬ ಪದವನ್ನೇ ಓದಲಾಗದು. ಅಕ್ಷರಗಳನ್ನು ಔಟ್‌ಲೈನ್‌ಗೆ (ಚಿತ್ರರೂಪಕ್ಕೆ) ಬದಲಿಸಿ ಕೊಡಿ, ಬದಲಿಸಿದ ಮೇಲೆ ಇನ್ನೊಮ್ಮೆ ಪ್ರತಿ ಪದ ಓದಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಏಳನೆಯ ವಾರ: ಕೆಡಿಸಿ ನೋಡುವುದು

ಗೇರ್ಡ್ ಮೋಟಾರಿನಿಂದ ಚಕ್ರವನ್ನು ನಿಮಿಷಕ್ಕೆ 3 ಸುತ್ತಿನಂತೆ ತಿರುಗಿಸಿ. ಒಂದು ಸುತ್ತಿಗೆ ಎರಡು ಸಲದಂತೆ ಗಂಟೆಗೆ 360, ದಿನಕ್ಕೆ ಎಂಟು ಗಂಟೆಗೆ 2,880, ಆರು ದಿನಕ್ಕೆ 17 ಸಾವಿರ ದಾಟುತ್ತದೆ. ನಿಮಿಷಕ್ಕೆ ಎರಡು ಸಲ ಬಳಸಿದರೂ ಇದು ಮೂರು ವಾರದ ಬಳಕೆಗೆ ಸಮ. ಬೇರಿಂಗ್, ಫೆಲ್ಟ್, ಹಿಡಿಕೆಯ ಬೋಲ್ಟ್ ಇದರಲ್ಲಿ ಪರೀಕ್ಷೆಯಾಗುತ್ತವೆ. ಬಂಪರ್ ಮಾತ್ರ ಆಗುವುದಿಲ್ಲ: ನಿಧಾನ ತಿರುಗುವಾಗ ಆಯಸ್ಕಾಂತ ಬೀಳದೆ ಜಾರುತ್ತದೆ. ಬಂಪರಿಗಾಗಿ ಕೈಯಿಂದಲೇ ಐನೂರು ಸಲ ಜೋರಾಗಿ ತಿರುಗಿಸಿ, ಬಿಚ್ಚಿ, ಟೋಪಿಯ ಅಂಟು ನೋಡಿ. ಬೇಸರದ ಕೆಲಸ, ಸ್ನೇಹಿತರನ್ನು ಕರೆದುಕೊಳ್ಳಿ. ಎಲ್ಲ ನಟ್‌ಗಳೂ ನೈಲಾಕ್ (ಒಳಗೆ ನೈಲಾನ್ ಬಳೆಯಿದ್ದು ಸಡಿಲವಾಗದ ನಟ್) ಆಗಿರಲಿ ಅಥವಾ ಲಾಕ್‌ಟೈಟ್ ಅಂಟು ಹಾಕಿರಲಿ. ನಟ್ ಬಿಗಿಸಿದ ಮೇಲೆ ಅದರ ಮೇಲೂ ಪಕ್ಕದ ಲೋಹದ ಮೇಲೂ ಮಾರ್ಕರಿನಿಂದ ಒಂದು ಗೆರೆ ಎಳೆದರೆ, ಸಡಿಲವಾದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಒಪ್ಪಿಸುವುದು

ಕಾಲೇಜಿಗೆ ಕೊಡುವ ರಿಪೋರ್ಟ್ ಬೇರೆ, ಮ್ಯೂಸಿಯಂಗೆ ಬೇಕಾದ ಕಡತ ಬೇರೆ. ಎರಡನೆಯದರಲ್ಲಿ ಪೀಠಿಕೆ ಬೇಡ. ಅಳತೆಯಿರುವ ಡ್ರಾಯಿಂಗ್, ಪ್ರತಿ ಭಾಗದ ದರ್ಜೆ ಮತ್ತು ತಂದ ಅಂಗಡಿ, ಬಿಚ್ಚುವ ಕ್ರಮವನ್ನು ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೊ, ವಾರಕ್ಕೊಮ್ಮೆ ನೋಡಬೇಕಾದ ನಾಲ್ಕು ಜಾಗಗಳ ಪಟ್ಟಿ ಇಷ್ಟೇ. ಗ್ಯಾಲರಿ ಸಿಬ್ಬಂದಿಗಾಗಿ ಆ ಪಟ್ಟಿ ಕನ್ನಡದಲ್ಲಿ ಒಂದು ಪುಟದಲ್ಲಿರಲಿ, ಚೌಕಟ್ಟಿನ ಹಿಂಬದಿಗೆ ಲ್ಯಾಮಿನೇಟ್ ಮಾಡಿ ಅಂಟಿಸಿ. ಪ್ರಮಾಣಪತ್ರಕ್ಕೂ ಫೋಟೊ ಬಳಸುವ ಅನುಮತಿಗೂ ಹೊರಡುವ ವಾರಕ್ಕೆ ಮೊದಲೇ ಅರ್ಜಿ ಕೊಡಿ, ಸಹಿ ಮಾಡಬೇಕಾದವರು ಟೂರಿನಲ್ಲಿರುತ್ತಾರೆ.

ಚೌಕಟ್ಟಿನ ಒಳಗೊಂದು ಸಣ್ಣ ಡಬ್ಬಿ ಸ್ಕ್ರೂ ಮಾಡಿ: ಆರು ಬಂಪರ್, ಟೋಪಿ ಅಂಟಿಸಿದ ಬಿಡಿ ಆಯಸ್ಕಾಂತ ಒಂದು, ಫೆಲ್ಟ್ ವಾಷರ್ ಎರಡು, ಸೆಕ್ಯುರಿಟಿ ಟಾರ್ಕ್ಸ್ ಕೀ ಒಂದು. ಡಬ್ಬಿ ಪ್ಲಾಸ್ಟಿಕ್ಕಿನದಿರಲಿ, ಆಯಸ್ಕಾಂತದ ಕೊಳವೆಯಿಂದ ದೂರದ ಮೂಲೆಯಲ್ಲಿರಲಿ. ಅದೇ ಕೀಯ ಇನ್ನೊಂದು ಪ್ರತಿಯನ್ನು ವರ್ಕ್‌ಶಾಪ್‌ನ ಫಿಟ್ಟರ್ ಕೈಗೆ ಕೊಟ್ಟು, ಅವರ ಕೈಯಿಂದಲೇ ಒಂದು ಬಂಪರ್ ಬದಲಾಯಿಸಿ ನೋಡಿ. ಹದಿನೈದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಪ್ಲಗ್ಗಿನ ವಿನ್ಯಾಸ ಬದಲಿಸಲು ಇನ್ನೂ ಒಂದು ವಾರ ಇದೆ.